ಬೋಂಡಾ ಕರಿದ ಎಣ್ಣೆ ವಿಮಾನಕ್ಕೆ ಹೋಗುತ್ತದೆಯೇ?

ಪ್ರಶ್ನೆ (ಹೋಟೆಲ್ ಮಾಲೀಕರು, ಹಾಸನ): ಮೇಡಂ, ಬಿ.ಎಂ. ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್. ಬೋಂಡಾ, ವಡೆ ಕರಿದು ಉಳಿದ ಎಣ್ಣೆಯನ್ನು ಒಬ್ಬರು ಬಂದು ಕೊಂಡೊಯ್ಯುತ್ತಾರೆ. ಅದು ವಿಮಾನದ ಇಂಧನವಾಗುತ್ತದೆಯಂತೆ. ಈಗ ಒಂದು ಕಾಗದಕ್ಕೆ ಸಹಿಯನ್ನೂ ಕೇಳುತ್ತಿದ್ದಾರೆ. ನಂಬಬಹುದೇ?

ಉತ್ತರ (ರಾಸಾಯನಿಕ ಎಂಜಿನಿಯರ್, ಇಂಧನ ಪರೀಕ್ಷಾಲಯ): ನಂಬಬಹುದಾದ ಮಾತೇ. ಇಂಡಿಯನ್ ಆಯಿಲ್‌ನ ಪಾಣಿಪತ್ ಸಂಸ್ಕರಣಾಗಾರಕ್ಕೆ ಬಳಸಿದ ಅಡುಗೆ ಎಣ್ಣೆಯಿಂದ ವಿಮಾನ ಇಂಧನ ತಯಾರಿಸಲು 2025ರಲ್ಲಿ ಪ್ರಮಾಣಪತ್ರ ದೊರೆತಿದೆ.

ಬಾಣಲೆಯ ಎಣ್ಣೆಯನ್ನು ಸೋಸಿ ಟ್ಯಾಂಕಿಗೆ ಸುರಿಯುವುದಿಲ್ಲ. ಜಲಜನಕದೊಂದಿಗೆ ಸಂಸ್ಕರಿಸಿ, ಅದರಲ್ಲಿರುವ ಆಮ್ಲಜನಕವನ್ನು ತೆಗೆದು, ಸೀಮೆಎಣ್ಣೆಯಂಥ ಹೈಡ್ರೋಕಾರ್ಬನ್ ಮಾಡುತ್ತಾರೆ. ಇಂಥ ಇಂಧನಗಳಿಗಿರುವ ಎಎಸ್‌ಟಿಎಂ ಡಿ7566 ಎಂಬ ಗುಣಮಟ್ಟದ ಮಾನದಂಡದ ಪ್ರಕಾರ ಇದನ್ನು ಸಾಮಾನ್ಯ ಜೆಟ್ ಇಂಧನಕ್ಕೆ ಶೇ 50ರವರೆಗೆ ಬೆರೆಸಬಹುದು. ಬೆರೆಸಿದ ಮೇಲೂ ಮೈನಸ್ 47 ಡಿಗ್ರಿವರೆಗೆ ಹೆಪ್ಪುಗಟ್ಟಬಾರದು. ಇಷ್ಟನ್ನು ನನ್ನಂಥವರು ಪರೀಕ್ಷಾಲಯದಲ್ಲೇ ಹೇಳಬಲ್ಲೆವು.

ಹೇಳಲಾಗದ್ದು ಇನ್ನೊಂದಿದೆ. ನಿಮ್ಮ ಬಾಣಲೆಯ ಎಣ್ಣೆಯಿಂದಾದ ಇಂಧನ, ಹೊಸ ತಾಳೆ ಎಣ್ಣೆಯಿಂದಾದ ಇಂಧನ ಎರಡೂ ನನ್ನ ಮೇಜಿನ ಮೇಲೆ ಒಂದೇ ತರಹ ಕಾಣುತ್ತವೆ. ಇಂಗಾಲದ ಲೆಕ್ಕದಲ್ಲಿ ಮಾತ್ರ ಅಜಗಜಾಂತರ. ವಿಮಾನಗಳ ಹೊರಸೂಸುವಿಕೆಯ ಲೆಕ್ಕ ಇಡುವ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕೊರ್ಸಿಯಾ ವ್ಯವಸ್ಥೆಯಲ್ಲಿ ಸಾಮಾನ್ಯ ಜೆಟ್ ಇಂಧನದ ಹೊರಸೂಸುವಿಕೆ ಪ್ರತಿ ಮೆಗಾಜೂಲ್ ಶಕ್ತಿಗೆ 89 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮ. ಬಳಸಿದ ಎಣ್ಣೆಯದ್ದು 13.9. ಗಿರಣಿಯ ತ್ಯಾಜ್ಯನೀರನ್ನು ತೆರೆದ ಹೊಂಡಕ್ಕೆ ಬಿಡುವ ಕಡೆಯ ತಾಳೆ ಎಣ್ಣೆಗೆ, ಭೂಬಳಕೆಯ ಬದಲಾವಣೆಯೂ ಸೇರಿ 99.1, ಅಂದರೆ ಸಾಮಾನ್ಯ ಇಂಧನಕ್ಕಿಂತಲೂ ಹೆಚ್ಚು! ಹಾಗಾಗಿಯೇ ಮೂಲದಿಂದ ಕಾಗದಪತ್ರ ಬೇಕು. ನಿಮ್ಮ ಸಹಿ ಆ ಸರಪಳಿಯ ಮೊದಲ ಕೊಂಡಿ.

ಪ್ರಶ್ನೆ (ಕಾಫಿ ಬೆಳೆಗಾರರು, ಮೂಡಿಗೆರೆ): ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹೊಂಗೆ, ಸಿಮರೂಬದಂಥ ಎಣ್ಣೆಬೀಜದ ಮರ ಬೆಳೆಸಿದ್ದಾರಲ್ಲ. ತೋಟದ ನೆರಳಿನ ಮರ ತೆಗೆದು ಅದನ್ನೇ ಹಾಕಿದರೆ ನಾಳೆ ವಿಮಾನ ಇಂಧನಕ್ಕಾಗಿ ಬೇಡಿಕೆ ಬರುವುದೇ?

ಉತ್ತರ: ದಯವಿಟ್ಟು ಆ ಕೆಲಸ ಮಾಡಬೇಡಿ ಸರ್. ಮೂಲ ಅರಣ್ಯ, ಜೌಗು ನೆಲಗಳನ್ನು 2008ರ ಜನವರಿ 1ರ ನಂತರ ಕಡಿದು ಬೆಳೆದದ್ದಕ್ಕೆ ಕೊರ್ಸಿಯಾದಲ್ಲಿ ಪ್ರವೇಶವೇ ಇಲ್ಲ. ತೋಟ ಆ ಪಟ್ಟಿಗೆ ಬಾರದಿದ್ದರೂ ಮರ ಉರುಳಿಸಿದ್ದರಿಂದ ಹೊರಬಿದ್ದ ಇಂಗಾಲ ನಿಮ್ಮ ಎಣ್ಣೆಯ ಲೆಕ್ಕಕ್ಕೇ ಬರುತ್ತದೆ. ಬದುವಿನಲ್ಲಿರುವ ಹೊಂಗೆಯ ಮಾತು ಬೇರೆ. ಆದರೆ ಬೇಡಿಕೆಯ ವಿಷಯದಲ್ಲಿ ಆತುರ ಬೇಡ. ಇಂಥ ‘ಸುಸ್ಥಿರ ವಿಮಾನ ಇಂಧನ’ ಬೆರೆಸಲು ನಮ್ಮ ದೇಶದ ಗುರಿ ಅಂತರರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ಶೇ 1, 2028ರಲ್ಲಿ ಶೇ 2, 2030ರಲ್ಲಿ ಶೇ 5. ಯುರೋಪಿನಲ್ಲಿ 2025ರಿಂದಲೇ ಶೇ 2 ಕಡ್ಡಾಯ, ಆಹಾರದ ಬೆಳೆಯಿಂದ ಮಾಡಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಕೊರ್ಸಿಯಾ ಮಾತ್ರ ಸಾಮಾನ್ಯ ಇಂಧನಕ್ಕಿಂತ ಹೊರಸೂಸುವಿಕೆ ಶೇ 10ರಷ್ಟು ಕಡಿತವಾದರೂ ಸಾಕು ಎನ್ನುತ್ತದೆ. ಇದಕ್ಕೆ ‘ಸುಸ್ಥಿರ’ ಎನ್ನುವುದು ನನಗೆ ತೀರಾ ಉದಾರವಾಗಿ ಕಾಣುತ್ತದೆ.

ಪ್ರಶ್ನೆ (ಹೋಟೆಲ್ ಮಾಲೀಕರು): ಮೇಡಂ, ಕಾಗದವನ್ನು ಈಗ ಸರಿಯಾಗಿ ನೋಡಿದೆ. ಎಣ್ಣೆಯ ಪ್ರಮಾಣ ಬರೆಯುವ ಜಾಗ ಖಾಲಿ ಇದೆ. ‘ಆಮೇಲೆ ತುಂಬಿಕೊಳ್ಳುತ್ತೇವೆ’ ಎನ್ನುತ್ತಾರೆ.

ಉತ್ತರ: ಹಾಗಾದರೆ ಸಹಿ ಹಾಕಬೇಡಿ. ಹೊಸ ಎಣ್ಣೆಯನ್ನು ಹಳೆಯದೆಂದು ತೋರಿಸುವವರಿಗೆ ಬೇಕಾಗುವುದು ಇಂಥ ಖಾಲಿ ಜಾಗವೇ. ನಿಮ್ಮ ಎದುರಿಗೇ ತೂಕ ಮಾಡಿಸಿ, ಅಂಕಿಯನ್ನು ನೀವೇ ಬರೆದು, ಒಂದು ಪ್ರತಿಯನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಸಂಗ್ರಹಿಸುವವರ ಪ್ರಮಾಣಪತ್ರವನ್ನೂ ಕೇಳಿ ನೋಡಿ.