ಸಹಾಯ ಬೇಕು: ಅರೆದ ಲೋಹಗಾಜಿನಲ್ಲಿ ಕಾಣಿಸಿದ ಕಬ್ಬಿಣದ ಹರಳು ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿರುವ ನಾನು, ಪ್ರಾಜೆಕ್ಟ್‌ಗಾಗಿ ಕಬ್ಬಿಣ 78, ಸಿಲಿಕಾನ್ 9, ಬೋರಾನ್ 13 ಪರಮಾಣು ಶೇಕಡಾ ಇರುವ ಲೋಹಗಾಜಿನ (ಪರಮಾಣುಗಳು ಹರಳಿನಂತೆ ಕ್ರಮವಾಗಿ ಜೋಡಣೆಯಾಗದ ಮಿಶ್ರಲೋಹ) ತೆಳು ಪಟ್ಟಿಯನ್ನು ಬಾಲ್ ಮಿಲ್‌ನಲ್ಲಿ (ಗುಂಡುಗಳ ಏಟಿನಿಂದ ಪುಡಿ ಮಾಡುವ ಯಂತ್ರ) ಅರೆಯುತ್ತಿದ್ದೇನೆ. ಪಾತ್ರೆಯೂ ಗುಂಡುಗಳೂ ಉಕ್ಕಿನವು. ಗುಂಡು ಮತ್ತು ಪುಡಿಯ ತೂಕದ ಅನುಪಾತ 10:1.

ತಾಮ್ರದ ಎಕ್ಸ್-ರೇ ವಿವರ್ತನೆಯಲ್ಲಿ (ಹರಳು ಮೊನಚಾಗಿಯೂ ಗಾಜು ಅಗಲ ದಿಬ್ಬವಾಗಿಯೂ ಕಾಣುವ ಪರೀಕ್ಷೆ) ನೋಡಿದಾಗ ಮೂಲ ಪಟ್ಟಿಯಲ್ಲಿ 45 ಡಿಗ್ರಿಯ ಸುತ್ತ ಅಗಲವಾದ ಒಂದೇ ದಿಬ್ಬವಿತ್ತು. 20 ಗಂಟೆ ಅರೆದ ಮೇಲೆ ಅದರ ನೆತ್ತಿಯಲ್ಲಿ, 44.7 ಡಿಗ್ರಿಯ ಬಳಿ, ಸಣ್ಣದೊಂದು ಮೊನಚು ಎದ್ದಿದೆ. ಗುಂಡುಗಳ ಏಟಿಗೆ ಗಾಜಿನೊಳಗಿನ ಜಾರುಪಟ್ಟಿಗಳಲ್ಲಿ (ಒತ್ತಡಕ್ಕೆ ಜಾರುವ ತೆಳು ಪದರಗಳಲ್ಲಿ) ಪರಮಾಣುಗಳು ಸಡಿಲಗೊಂಡು, ಹರಳಾಗುವ ತಾಪಮಾನಕ್ಕಿಂತ ಬಹಳ ಕೆಳಗೇ ಆಲ್ಫಾ ಕಬ್ಬಿಣದ (ಕಬ್ಬಿಣದ ಸಾಮಾನ್ಯ ಹರಳು ರೂಪ) ನ್ಯಾನೋ ಹರಳುಗಳು ಮೂಡಬಹುದೆಂಬುದು ತಿಳಿದಿದೆ. ಆದರೆ ಗುಂಡುಗಳಿಂದ ಸವೆದು ಬಂದ ಉಕ್ಕಿನ ಮೊನಚೂ ಅದೇ ಜಾಗದಲ್ಲಿ ಬೀಳುತ್ತದಲ್ಲ! ಪಾತ್ರೆಯ ಗೋಡೆಗೆ ಕಚ್ಚಿಕೊಂಡಿದ್ದ ಕಪ್ಪು ಪುಡಿಯನ್ನು ಕೆರೆದು ತೆಗೆಯುವಾಗ, ಹೊಳಪಿದ್ದ ಗುಂಡುಗಳು ಮಂಕಾಗಿದ್ದುದನ್ನು ಕಂಡು ನನ್ನ ಅನುಮಾನ ಸವೆತದ ಕಡೆಗೇ ವಾಲಿದೆ.

ಹರಳು ಗಾಜಿನಿಂದಲೇ ಹುಟ್ಟಿದ್ದರೆ ಅದರಲ್ಲಿ ಸಿಲಿಕಾನ್ ಕರಗಿ ಮೊನಚು ತುಸು ಹೆಚ್ಚಿನ ಕೋನಕ್ಕೆ ಸರಿಯಬೇಕು, ಡಿ.ಎಸ್.ಸಿ.ಯಲ್ಲಿ (ಮಾದರಿಯನ್ನು ಬಿಸಿ ಮಾಡುತ್ತ ಉಷ್ಣದ ಏರಿಳಿತ ಅಳೆಯುವ ಪರೀಕ್ಷೆ) ಉಳಿದ ಗಾಜು ಹರಳಾಗುವಾಗ ಹೊರಬರುವ ಉಷ್ಣವೂ ಕಡಿಮೆಯಾಗಬೇಕು. ಆದರೆ ಬೆರೆತ ಉಕ್ಕು ತೂಕ ಹೆಚ್ಚಿಸುವುದರಿಂದ ಗ್ರಾಂ ಲೆಕ್ಕದ ಉಷ್ಣ ಹೇಗಿದ್ದರೂ ಇಳಿಯುತ್ತದೆ. ಸವೆತ ಎಷ್ಟೆಂದು ತಿಳಿಯಲು ಗುಂಡುಗಳನ್ನು ಮೊದಲೂ ನಂತರವೂ ತೂಗದೆ ಇದ್ದದ್ದು ನನ್ನದೇ ತಪ್ಪು.

ಕಬ್ಬಿಣವಿಲ್ಲದ ಜಿರ್ಕೋನಿಯಾ ಪಾತ್ರೆ ಮತ್ತು ಗುಂಡುಗಳಲ್ಲಿ ಇಂಥ ಮಿಶ್ರಲೋಹವನ್ನು ಅರೆದವರು, ಅಥವಾ ಮಾಸ್‌ಬೌವರ್ ರೋಹಿತದಿಂದ (ಕಬ್ಬಿಣದ ಪರಮಾಣುಗಳ ಸುತ್ತಲಿನ ಪರಿಸರ ತೋರಿಸುವ ಪರೀಕ್ಷೆ) ಗಾಜಿನಿಂದ ಹುಟ್ಟಿದ ಹರಳು ಮತ್ತು ಸವೆದು ಬಂದ ಉಕ್ಕನ್ನು ಬೇರ್ಪಡಿಸಿದ ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕಾಗಿ ಕೋರುತ್ತೇನೆ. ಹಾಸನ, ಮೈಸೂರು ಅಥವಾ ಬೆಂಗಳೂರಿನಲ್ಲಿ ಮಾಸ್‌ಬೌವರ್ ಪರೀಕ್ಷೆಗೆ ಹೊರಗಿನ ವಿದ್ಯಾರ್ಥಿಗಳ ಮಾದರಿ ಸ್ವೀಕರಿಸುವ ಪ್ರಯೋಗಾಲಯ ಗೊತ್ತಿದ್ದರೂ ತಿಳಿಸಿ.