ಅಪ್‌ಡೇಟ್: ಯುಕೆಜಿ ಮಕ್ಕಳಿಗೆ ‘ಮುಳುಗುತ್ತಾ, ತೇಲುತ್ತಾ?’ ವಾರ

‘ಮುಳುಗುತ್ತಾ, ತೇಲುತ್ತಾ?’ ಪಾಠವನ್ನು ಐದು ದಿನಕ್ಕೆ ಹೇಗೆ ಹಂಚುವುದು, ಮಕ್ಕಳು ಬರೀ ನೀರಾಟಕ್ಕಿಳಿದರೆ ಏನು ಮಾಡುವುದು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಸೋಮವಾರ ನೀರೇ ಬೇಡ ಎಂಬ ಸಲಹೆ ಬಹಳ ಸರಿ. ಕೀ, ಬಾಟಲಿ ಮುಚ್ಚಳ, ಪೆನ್ಸಿಲ್ ಕೈಯಲ್ಲಿ ಹಿಡಿದು ನೋಡಿ, ಊಹೆಯನ್ನು ಚಿತ್ರಪಟ್ಟಿಯಲ್ಲಿ ಅಂಟಿಸಿದರು. ಮಂಗಳವಾರ ಪರೀಕ್ಷೆ: ಟಬ್ಬಿಗೆ ನಾಲ್ಕೇ ಮಕ್ಕಳು, 10 ಸೆಂ.ಮೀ. ನೀರು, ಟಬ್ಬಿನಡಿ ದಪ್ಪ ಟವೆಲ್. ‘ಭಾರ ಇದ್ದದ್ದೆಲ್ಲ ಮುಳುಗುತ್ತೆ’ ಎನ್ನುವವರಿಗೆ ದೊಡ್ಡ ಮರದ ತುಂಡು, ಪುಟ್ಟ ಬೆಣಚುಕಲ್ಲು ಜೊತೆಯಾಗಿ ಕೊಡಿ.

ಕ್ಲೇ ದೋಣಿಗೆ ಎರಡು ದಿನ ಬೇಕೇ ಬೇಕು. 50 ಗ್ರಾಂ ಉಂಡೆ ಮುಳುಗುತ್ತದೆ, ಅದನ್ನೇ ಬಟ್ಟಲು ಮಾಡಿದರೆ ತೇಲುತ್ತದೆ. ಹಿಟ್ಟಿನ ಮುದ್ದೆ ನೀರಲ್ಲಿ ಕದಡಿಹೋಗುತ್ತದೆ. ಎಣ್ಣೆ ಬೆರೆತ ಮಾಡೆಲಿಂಗ್ ಕ್ಲೇ ತನ್ನಿ. ದೋಣಿ ಮುಳುಗಿದರೆ ತಳದ ಬಿರುಕು ಅಥವಾ ತಗ್ಗಾದ ಅಂಚು ಕಾರಣ. ಬಿರುಕನ್ನು ಹೆಬ್ಬೆರಳಿನಿಂದ ಸವರಿ ಮುಚ್ಚಬಹುದು, ಆದರೆ ಒದ್ದೆ ಕ್ಲೇ ಅಂಟುವುದಿಲ್ಲ, ಮೊದಲು ಒರೆಸಿ.

ಶುಕ್ರವಾರ ದೊಡ್ಡ ಮಣಿಗಳನ್ನು ಒಂದೊಂದಾಗಿ ಹೇರಿ ಎಣಿಕೆ. ಒಂದೇ ಬದಿಗೆ ಹಾಕಿದರೆ ಬೇಗ ವಾಲುತ್ತದೆ. ನಡುವೆ ಹರಡಿದರೆ ಹೆಚ್ಚು ಹಿಡಿಯುತ್ತದೆ.