ವರ್ಷನ್ 0.9 ನಂಬಿ ಕಾಫಿ ಸೀಸನ್‌ಗೆ ಇಳಿಯಬಹುದಾ?

ಪ್ರಶ್ನೆ (ಚಿಕ್ಕಮಗಳೂರಿನಿಂದ):
ಮೇಡಂ, ನಮಸ್ಕಾರ. ನಾವು ಮೂರು ಜನ ಸೇರಿ ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದ ಮಾಡೋ ಕಾರ್ಖಾನೆ) ಸಾಫ್ಟ್‌ವೇರ್ ನೋಡ್ಕೋತೀವಿ. ಲಾರಿ ವೇಬ್ರಿಡ್ಜ್ ಮೇಲೆ ನಿಂತ ಕೂಡಲೇ ತೂಕ, ಮೂಟೆ ಲೆಕ್ಕ, ತೇವಾಂಶ ಎಂಟ್ರಿ ಆಗಿ ತೋಟದವರ ಫೋನಿಗೆ ಚೀಟಿ ಹೋಗ್ಬೇಕು. ತಿಂಗಳಿಗೊಮ್ಮೆ ರಿಪೋರ್ಟ್ ಕೂಡ ಇದೆ. ಹಳೇ ಕೋಡ್ ಪಿಎಚ್‌ಪಿ, ಬರೆದವರು ಬೆಂಗಳೂರು ಸೇರಿ ಎಷ್ಟೋ ವರ್ಷ ಆಯ್ತು. ಈಗ ಹೊಸ ಓಪನ್ ಸೋರ್ಸ್ ವೆಬ್ ಸರ್ವಿಸ್ ಫ್ರೇಮ್‌ವರ್ಕ್ (ನಮ್ಮ ಕೋಡ್‌ಗೆ ಬುನಾದಿಯಾಗೋ ಸಿದ್ಧ ಚೌಕಟ್ಟು) ಒಂದನ್ನ ನೋಡಿದ್ವಿ. ವರ್ಷನ್ 0.9, ಸಾವಿರಾರು ಸ್ಟಾರ್ (ಕೋಡ್ ಇಟ್ಟ ಸೈಟಿನಲ್ಲಿ ಜನ ಒತ್ತೋ ಮೆಚ್ಚುಗೆ ಗುರುತು), ಬೆಂಚ್‌ಮಾರ್ಕ್‌ನಲ್ಲಿ, ಅಂದ್ರೆ ವೇಗದ ಪರೀಕ್ಷೆಯಲ್ಲಿ, ಎಲ್ಲರಿಗಿಂತ ಮುಂದೆ. ನವೆಂಬರ್‌ಗೆ ಅರೇಬಿಕಾ ಕೊಯ್ಲು ಶುರುವಾಗೋದ್ರೊಳಗೆ ಮುಗಿಸೋ ಯೋಚನೆ. ಪ್ರೊಡಕ್ಷನ್‌ಗೆ, ಅಂದ್ರೆ ದಿನದ ನಿಜವಾದ ಕೆಲಸಕ್ಕೆ, ಹಾಕಬಹುದಾ? ಹೇಗೆ ತೀರ್ಮಾನ ಮಾಡೋದು?

ಉತ್ತರ (ಹಾಸನದಿಂದ, 17 ವರ್ಷದಿಂದ ಬ್ಯಾಕೆಂಡ್ ಕೆಲಸ):
ಸ್ಟಾರ್, ಬೆಂಚ್‌ಮಾರ್ಕ್ ಎರಡನ್ನೂ ಪಕ್ಕಕ್ಕಿಡಿ. ಸ್ಟಾರ್ ಅಂದ್ರೆ "ಆಮೇಲೆ ನೋಡೋಣ" ಅಂತ ಒತ್ತಿದ್ದು. ನಾನೂ ನೂರಾರು ಒತ್ತಿದ್ದೀನಿ, ಆಮೇಲೆ ನೋಡಿದ್ದು ನಾಲ್ಕೋ ಐದೋ. ನಿಮ್ಮ ಸರ್ವಿಸ್‌ನಲ್ಲಿ ಹೊತ್ತು ಹೋಗೋದು ಡೇಟಾಬೇಸ್‌ನಲ್ಲಿ. ಎಷ್ಟು ಲಾರಿ ಬಂದ್ರೂ ಸೆಕೆಂಡಿಗೆ ಲಕ್ಷ ರಿಕ್ವೆಸ್ಟ್ ಆಗುತ್ತಾ?

0.9 ಅಂತ ಹೆದರೋದೂ ಬೇಡ, ಅದನ್ನ ಮರೆಯೋದೂ ಬೇಡ. ಸೆಮ್ಯಾಂಟಿಕ್ ವರ್ಷನಿಂಗ್ ಅನ್ನೋ ವರ್ಷನ್ ನಂಬರ್ ಕೊಡೋ ನಿಯಮದಲ್ಲಿ ಸೊನ್ನೆಯಿಂದ ಶುರುವಾಗೋ ವರ್ಷನ್ ಅಂದ್ರೆ ಯಾವಾಗ ಏನು ಬೇಕಾದ್ರೂ ಬದಲಾಗಬಹುದು ಅಂತ. ಆದ್ರೆ 2018ರಲ್ಲಿ ಬಂದ ಫಾಸ್ಟ್‌ಎಪಿಐ ಅನ್ನೋ ಪೈಥಾನ್ ಫ್ರೇಮ್‌ವರ್ಕ್ ವರ್ಷಗಟ್ಟಲೆ ಸೊನ್ನೆಯಲ್ಲೇ ಇದ್ಕೊಂಡು ದೊಡ್ಡ ದೊಡ್ಡ ಕಡೆ ಓಡಿದೆ. ಹಾಗಾಗಿ ಅಂಕಿ ಬಿಟ್ಟು ಚೇಂಜ್‌ಲಾಗ್ (ಪ್ರತಿ ವರ್ಷನ್‌ನಲ್ಲಿ ಏನು ಬದಲಾಯ್ತು ಅನ್ನೋ ಪಟ್ಟಿ) ಓದಿ. ಏನಾದ್ರೂ ಮುರಿಯುವಾಗ ಮೊದಲೇ ಹೇಳಿ, ಕೋಡ್ ಹೇಗೆ ತಿದ್ದಬೇಕು ಅಂತ ಬರೆದಿದ್ದಾರಾ ನೋಡಿ. ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಇಂಥದ್ದೇ ಒಂದನ್ನ 0.6ರಿಂದ 0.7ಕ್ಕೆ ಏರಿಸಿದ್ವಿ. ಖಾಲಿ ಬಿಟ್ಟ ಫೀಲ್ಡ್ ಅಲ್ಲಿವರೆಗೆ ನಲ್ (ಏನೂ ತುಂಬಿಲ್ಲ ಅನ್ನೋ ಗುರುತು) ಆಗಿ ಬರ್ತಿದ್ದದ್ದು ಸೊನ್ನೆ ಆಗಿ ಬರೋಕೆ ಶುರುವಾಯ್ತು. ಎರರ್ ಇಲ್ಲ, ಲಾಗ್ ಇಲ್ಲ. ತಿಂಗಳ ಕೊನೆಗೆ ಅಕೌಂಟೆಂಟ್ ಬೈದಾಗ ಗೊತ್ತಾಗಿದ್ದು. ತೇವಾಂಶ ಸೊನ್ನೆ ಅಂತ ಚೀಟಿ ಹೋದ್ರೆ ತೋಟದವರು ನಿಮ್ಮನ್ನ ಸುಮ್ನೆ ಬಿಡ್ತಾರಾ?

ಆಮೇಲೆ ಇಶ್ಯೂ ಪಟ್ಟೀಲಿ (ಬಳಸೋರು ಬರೆದ ದೂರುಗಳ ಪಟ್ಟಿ) "ಮೆಮೊರಿ ಲೀಕ್", "ಹ್ಯಾಂಗ್", "ಟೈಮ್‌ಔಟ್" ಅಂತ ಹುಡುಕಿ. ಮುಚ್ಚಿದ ಇಶ್ಯೂಗಳನ್ನೇ ಹೆಚ್ಚು ಓದಿ. "ನಮ್ಮಲ್ಲಿ ಸರಿ ಇದೆ" ಅಂತ ಮುಚ್ಚಿದ್ರಾ, ಟೆಸ್ಟ್ ಬರೆದು ಮುಚ್ಚಿದ್ರಾ? ಒಂದು ತಂಡದ ಸ್ವಭಾವ ಅವರ ವೆಬ್‌ಸೈಟ್‌ಗಿಂತ ಅಲ್ಲಿ ಚೆನ್ನಾಗಿ ಕಾಣುತ್ತೆ. ಸೆಕ್ಯೂರಿಟಿ ದೋಷ ಸಿಕ್ಕಿದ್ರೆ ಯಾರಿಗೆ ತಿಳಿಸ್ಬೇಕು ಅಂತ ಬರೆದಿರ್ಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನೋ ಜಾವಾ ಲೈಬ್ರರಿಯಲ್ಲಿ ದೋಷ ಬಂದಾಗ ಒಂದೇ ತಿಂಗಳಲ್ಲಿ 2.15, 2.16, 2.17 ಅಂತ ಮೇಲಿಂದ ಮೇಲೆ ಏರಿಸ್ಬೇಕಾಯ್ತು. ಅಂಥ ವಾರದಲ್ಲಿ ಎದ್ದು ಕೂತು ರಿಲೀಸ್ ಕೊಡೋರು ಇವರಲ್ಲಿ ಎಷ್ಟು ಜನ ಇದ್ದಾರೆ?

ಇಷ್ಟು ಓದೋ ಕೆಲಸ. ಉಳಿದದ್ದು ನೀವೇ ಕೆಡಿಸಿ ನೋಡೋದು. ಮಲೆನಾಡಿನ ನೆಟ್‌ವರ್ಕ್ ನಿಮಗೆ ನಾನು ಹೇಳ್ಬೇಕಾ! ಫೋನ್ ಅರ್ಧ ರಿಕ್ವೆಸ್ಟ್ ಕಳಿಸಿ, ಗುಡ್ಡದ ತಿರುವಿನಲ್ಲಿ ಸಿಗ್ನಲ್ ಕಳ್ಕೊಳ್ಳುತ್ತೆ. ಸರ್ವರ್ ಆ ಕನೆಕ್ಷನ್ನನ್ನ ಎಷ್ಟು ಹೊತ್ತು ಹಿಡ್ಕೊಂಡಿರುತ್ತೆ? ಗೋ ಭಾಷೆಯ ಸ್ಟ್ಯಾಂಡರ್ಡ್ ಎಚ್‌ಟಿಟಿಪಿ ಸರ್ವರ್‌ನಲ್ಲೇ ನಾವಾಗಿ ಹಾಕದಿದ್ರೆ ಟೈಮ್‌ಔಟ್ ಇಲ್ಲ. ಹೊಸಬರದ್ದು ಇನ್ನೇನು ಕಥೆಯೋ. ಐನೂರು ಅರ್ಧ ಕನೆಕ್ಷನ್ ತೆರೆದಿಟ್ಟು, ಜೊತೆಗೇ ಮಾಮೂಲಿ ರಿಕ್ವೆಸ್ಟ್ ಕಳಿಸಿ ನೋಡಿ. ಮಧ್ಯೆ ಡೇಟಾಬೇಸ್ ನಿಲ್ಲಿಸಿ, ಮತ್ತೆ ಚಾಲೂ ಮಾಡಿ, ತಾನಾಗಿ ಚೇತರಿಸ್ಕೊಳ್ಳುತ್ತಾ? ರಿಕ್ವೆಸ್ಟ್ ಓಡ್ತಿರುವಾಗಲೇ ಪ್ರೊಸೆಸ್‌ಗೆ ಸಿಗ್‌ಟರ್ಮ್ (ನಿಲ್ಲು ಅನ್ನೋ ಸೂಚನೆ) ಕೊಡಿ; ಕೈಲಿರೋದನ್ನ ಮುಗಿಸಿ ನಿಲ್ಲುತ್ತಾ, ನಡುವೆಯೇ ಕೈಬಿಡುತ್ತಾ? ರಾತ್ರಿಯಿಡೀ ಲೋಡ್ ಹಾಕಿಟ್ಟು ಬೆಳಿಗ್ಗೆ ಮೆಮೊರಿ ಗ್ರಾಫ್ ನೋಡಿ. ಇದಕ್ಕೆ ಜೆಮೀಟರ್ ಅನ್ನೋ ಲೋಡ್ ಹಾಕೋ ಟೂಲ್ ಸಾಕು.

ಒಂದು ಮಾತು ಮಾತ್ರ ಫ್ರೇಮ್‌ವರ್ಕಿಗೆ ಸಂಬಂಧವಿಲ್ಲದ್ದು. ಸಿಗ್ನಲ್ ಹೋಗಿ ಆಪ್ ಅದೇ ಚೀಟಿಯನ್ನ ಎರಡನೇ ಸಲ ಕಳಿಸಿದ್ರೆ ಒಂದೇ ಲಾರಿ ಎರಡು ಸಲ ತೂಗಿದ ಹಾಗೆ ಲೆಕ್ಕ ಬೀಳುತ್ತೆ. ಪ್ರತಿ ಚೀಟಿಗೆ ಫೋನಿನಲ್ಲೇ ಒಂದು ವಿಶಿಷ್ಟ ನಂಬರ್ ಕೊಟ್ಟು, ಡೇಟಾಬೇಸ್‌ನಲ್ಲಿ ಅದನ್ನ ಯೂನಿಕ್ ಮಾಡಿ.

ಪ್ರಶ್ನೆ (ಸಕಲೇಶಪುರದಿಂದ):
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಲೈಸೆನ್ಸ್ ಕೂಡ ನೋಡ್ಬೇಕಾ? ಓಪನ್ ಸೋರ್ಸ್ ಅಂದ್ಮೇಲೆ ಮುಗೀತಲ್ವಾ?

ಉತ್ತರ:
ಮುಗಿಯಲ್ಲ. 2021ರಲ್ಲಿ ಹುಡುಕಾಟದ ಸಾಫ್ಟ್‌ವೇರ್ ಎಲಾಸ್ಟಿಕ್‌ಸರ್ಚ್, 2023ರಲ್ಲಿ ಸರ್ವರ್ ಸಜ್ಜು ಮಾಡೋ ಟೆರಾಫಾರ್ಮ್ ಲೈಸೆನ್ಸ್ ಬದಲಾಯಿಸಿದ್ವು. ಹಳೇ ವರ್ಷನ್ನುಗಳಿಗೆ ಹಳೇ ಲೈಸೆನ್ಸೇ, ಆದ್ರೆ ಮುಂದಿನ ಪ್ಯಾಚ್ ಬೇಕಲ್ಲ. ಆಗ ಓಪನ್‌ಸರ್ಚ್, ಓಪನ್‌ಟೋಫು ಅಂತ ಕವಲು (ಹಳೇ ಕೋಡ್ ಹಿಡಿದು ಬೇರೆಯವರು ಮುಂದುವರಿಸಿದ್ದು) ಹುಟ್ಟಿದ್ದು ಅವುಗಳ ಹಿಂದೆ ಜನ ಇದ್ದಿದ್ರಿಂದ. ಹೊಸ ಫ್ರೇಮ್‌ವರ್ಕ್‌ಗೆ ಆ ಬಲ ಇರಲ್ಲ. ಕಮಿಟ್, ಅಂದ್ರೆ ಕೋಡ್ ಬದಲಾವಣೆ, ಎಲ್ಲ ಒಂದೇ ಕಂಪನಿಯವರದ್ದಾಗಿದ್ರೆ ಇನ್ನೂ ಹುಷಾರು. ತೂಕ, ಔಟ್‌ಟರ್ನ್ (ತಂದ ಕಾಫಿಯಿಂದ ಎಷ್ಟು ಬೀಜ ಸಿಕ್ತು) ಲೆಕ್ಕದ ಕೋಡನ್ನ ಫ್ರೇಮ್‌ವರ್ಕಿನ ಹ್ಯಾಂಡ್ಲರ್ (ರಿಕ್ವೆಸ್ಟ್‌ಗೆ ಉತ್ತರ ಕೊಡೋ ಭಾಗ) ಒಳಗೆ ಬರೀಬೇಡಿ, ಬೇರೆ ಫಂಕ್ಷನ್‌ನಲ್ಲಿಡಿ. ನಾಳೆ ಬಿಟ್ಟು ಹೋಗೋ ಹಾಗಾದ್ರೆ ಹೊರಗಿನ ಚಿಪ್ಪು ಮಾತ್ರ ಬದಲಾಯಿಸಿದ್ರೆ ಸಾಕು.

ಮತ್ತೆ ಚಿಕ್ಕಮಗಳೂರಿನಿಂದ:
ಮೇಡಂ, ಭಾನುವಾರ ಕೂತು ನೀವು ಹೇಳಿದ್ದೆಲ್ಲ ಮಾಡಿದ್ವಿ. ಸಿಗ್‌ಟರ್ಮ್ ಪಾಸು. ಡೇಟಾಬೇಸ್ ನಿಲ್ಲಿಸಿದ್ದೂ ಪಾಸು. ರಾತ್ರಿ ಲೋಡ್‌ನಲ್ಲಿ ಮೆಮೊರಿ ಏರಲಿಲ್ಲ. ಆದ್ರೆ ಅರ್ಧ ಕನೆಕ್ಷನ್ ಇನ್ನೂರು ದಾಟಿದ ಮೇಲೆ ಸರ್ವಿಸ್ ಪೂರ್ತಿ ಮೌನ. ಹುಡುಕಿದ್ರೆ ಅದೇ ಇಶ್ಯೂ ಏಳು ತಿಂಗಳಿಂದ ತೆರೆದಿದೆ, ಉತ್ತರ ಇಲ್ಲ.

ಉತ್ತರ:
ನಿಮ್ಮ ಸರ್ವಿಸ್‌ನ ಮುಂದೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಇಟ್ರೆ ಈ ತೊಂದರೆ ಬಹುಪಾಲು ತಪ್ಪುತ್ತೆ. ಡಿಫಾಲ್ಟ್ ಆಗಿ ಅದು ರಿಕ್ವೆಸ್ಟ್ ಪೂರ್ತಿ ಕೈಗೆ ಬಂದ ಮೇಲೇನೇ ಹಿಂದಕ್ಕೆ ದಾಟಿಸೋದು. ಆದ್ರೆ ನನಗೆ ಕಿರಿಕಿರಿ ಆಗ್ತಿರೋದು ಆ ಏಳು ತಿಂಗಳ ಮೌನ. ವೇಬ್ರಿಡ್ಜ್ ಕೆಲಸಕ್ಕೆ ಈ ಸೀಸನ್ ಹಳೇ ಪಿಎಚ್‌ಪಿನೇ ಇರಲಿ. ತಿಂಗಳ ರಿಪೋರ್ಟ್ ಸರ್ವಿಸ್ ಮಾತ್ರ ಹೊಸದರಲ್ಲಿ ಬರೀರಿ. ಅದು ಒಂದು ಗಂಟೆ ಬಿದ್ರೂ ಲಾರಿ ಸಾಲು ನಿಲ್ಲಲ್ಲ. ಟೈಮ್‌ಔಟ್ ಸರಿ ಮಾಡೋ ಪ್ಯಾಚ್ ನಿಮ್ಮಲ್ಲೊಬ್ಬರು ಬರೆದು ಕಳಿಸಿ. ಅವರು ಅದನ್ನ ಹೇಗೆ ತಗೋತಾರೆ ನೋಡ್ಕೊಂಡು ಮುಂದಿನ ಮಳೆಗಾಲದಲ್ಲಿ, ಕೆಲಸ ಕಡಿಮೆ ಇರುವಾಗ, ವೇಬ್ರಿಡ್ಜ್ ವಿಷಯ ಮಾತಾಡೋಣ.